ಅಕ್ಕನ ರಕ್ತ ಮೇಜಿನ ಮೇಲಿದ್ದ ದಿನ

ನಾನು ರಕ್ತ ತೆಗೆಯುವವಳು. ದೇವರಾಜ ಮೊಹಲ್ಲಾದ ಒಂದು ಸಣ್ಣ ಲ್ಯಾಬಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಇದೇ ಕೆಲಸ. "ಚುಚ್ಚಿದ್ದೇ ಗೊತ್ತಾಗ್ಲಿಲ್ಲ ಕಣಮ್ಮ" ಎಂದು ವಯಸ್ಸಾದವರು ಹೇಳಿದಾಗ ಒಳಗೊಳಗೇ ಉಬ್ಬಿಹೋಗುತ್ತೇನೆ, ಸುಳ್ಳು ಯಾಕೆ ಹೇಳಲಿ. ಕೈ ಹಗುರ, ಬಾಯಿ ಮಾತ್ರ ಜೋರು. ಬೆಳಿಗ್ಗೆ ಗಡದ್ದಾಗಿ ದೋಸೆ ತಿಂದು ಬಂದು "ಖಾಲಿ ಹೊಟ್ಟೇಲಿದ್ದೀನಿ" ಅನ್ನುವವರನ್ನು ಅಲ್ಲೇ ನಿಲ್ಲಿಸಿ ಬೈಯುತ್ತೇನೆ. "ನನ್ನತ್ರ ಸುಳ್ಳು ಹೇಳಿ, ಪರವಾಗಿಲ್ಲ. ರಕ್ತ ಸುಳ್ಳು ಹೇಳಲ್ಲ" ಅನ್ನುವುದು ನನ್ನ ಮಾಮೂಲಿ ಡೈಲಾಗಾಗಿತ್ತು. ಆ ಮಾತನ್ನು ಈಗ ಹೇಳುವುದಿಲ್ಲ. ರಕ್ತದ ಕೈಲೂ ಸುಳ್ಳು ಹೇಳಿಸಬಹುದು. ನಾನು ಹೇಳಿಸಿದ್ದೇನೆ, ಅದೂ ನನ್ನ ಒಡಹುಟ್ಟಿದ ಅಕ್ಕನ ರಕ್ತದಿಂದ.

ಅಕ್ಕ ನನಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವಳು. ಅವ್ವ ತೀರಿಕೊಂಡ ಮೇಲೆ ನನ್ನನ್ನು ಊರಿನಿಂದ ಒಂಟಿಕೊಪ್ಪಲಿನ ತನ್ನ ಮನೆಗೆ ಕರೆತಂದು ಸಾಕಿದಳು. ಅಕ್ಕ ಭಾವನಿಗೆ ಮಕ್ಕಳಾಗಲಿಲ್ಲ. ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಸೇರಿಸಿದ್ದು, ಮದುವೆ ಮಾಡಿ ರಾಜೀವನಗರಕ್ಕೆ ಕಳಿಸಿದ್ದು ಎಲ್ಲಾ ಭಾವನೇ. ಭಾವ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಮಾತು ಬಹಳ ಕಡಿಮೆ. ಅವರ ಅಕ್ಕರೆಯೆಲ್ಲ ಊಟವಾದ ಮೇಲೆ ಹಾಕಿಕೊಡುವ ಎಲೆಯಲ್ಲಿರುತ್ತಿತ್ತು. ಜಗಲಿಯಲ್ಲಿ ಕೂತು, ಚಿಗುರೆಲೆಯನ್ನು ಪಂಚೆಗೆ ಒರೆಸಿ, ತೊಟ್ಟು ಮುರಿದು, ಬೆನ್ನಿನ ನಾರು ಬಿಡಿಸಿ, ತೋರುಬೆರಳ ತುದಿಯಲ್ಲಿ ಸುಣ್ಣ ತೆಗೆದು ಅಂಚಿಗೂ ತಾಗುವ ಹಾಗೆ ಸವರಿ, ಅಡಿಕೆ ಚೂರಿಟ್ಟು ಮಡಿಸಿ ಅಕ್ಕನ ಕೈಗೆ ಕೊಡುವರು. ಅಕ್ಕ "ಸುಣ್ಣ ಸಾಲ್ದು ಕಣ್ರೀ" ಅನ್ನುವಳು. ಇವರು ಇನ್ನೊಂದಿಷ್ಟು ಹಚ್ಚುವರು. ದಿನಕ್ಕೆ ಎಂಟೋ ಹತ್ತೋ ಎಲೆ ಹೀಗೆ ಆಗುತ್ತಿತ್ತು.

ಕೆಲವು ವರ್ಷಗಳ ಹಿಂದೆ ಅಕ್ಕ ಒಂದು ಥರಾ ಆಗತೊಡಗಿದಳು. ಎರಡು ಸಲ ಮೂತ್ರದಲ್ಲಿ ಕಲ್ಲು ಹೋಯಿತು. ಮೈಕೈ ಮೂಳೆಯೆಲ್ಲ ನೋವು ಅನ್ನುವಳು. ಕೊಡಗಟ್ಟಲೆ ನೀರು ಕುಡಿದರೂ ಬಾಯಾರಿಕೆ. ಒಲೆಯ ಮೇಲೆ ಹಾಲಿಟ್ಟು ಅದರ ಮುಂದೆಯೇ ನಿಂತು ಉಕ್ಕಿ ಹೋಗುವವರೆಗೂ ನೋಡುತ್ತಿರುವಳು. ಮಾತಾಡಿಸಿದರೆ ಎಲ್ಲಿಂದಲೋ ಹಿಂದಿರುಗಿ ಬಂದವಳ ಹಾಗೆ "ಆಂ?" ಅನ್ನುವಳು. ಪಕ್ಕದ ಮನೆಯವರು ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದರು. ನನಗೂ ಒಂದೊಂದು ಸಲ ಅಡುಗೆಮನೆಯಲ್ಲಿ ನಿಂತಿರುವವಳು ಅಕ್ಕ ಹೌದೋ ಅಲ್ಲವೋ ಎಂದು ಹೆದರಿಕೆಯಾಗುತ್ತಿತ್ತು. ಕೊನೆಗೆ ಒಬ್ಬ ಡಾಕ್ಟರು ಕ್ಯಾಲ್ಸಿಯಂ ಮತ್ತು ಪಿಟಿಎಚ್ ಎರಡನ್ನೂ ನೋಡಿಸಿ ಎಂದು ಚೀಟಿ ಬರೆದುಕೊಟ್ಟರು. ಪಿಟಿಎಚ್ ಎಂದರೆ ಪ್ಯಾರಾಥೈರಾಯ್ಡ್ ಗ್ರಂಥಿಯ ಹಾರ್ಮೋನು.

ಚೀಟಿ ಹಿಡಿದುಕೊಂಡು ಅಕ್ಕ ಭಾವ ಲ್ಯಾಬಿಗೆ ಬಂದ ದಿನ ಆಯುಧಪೂಜೆ. ಬೇರೆ ಲ್ಯಾಬುಗಳೆಲ್ಲ ರಜೆ, ನಾನಿದ್ದೇನಲ್ಲ ಎಂಬ ಧೈರ್ಯ. ಅವರು ಬರುವಷ್ಟರಲ್ಲಿ ನಮ್ಮಲ್ಲಿ ಪೂಜೆ ಮುಗಿದು ಕಡ್ಲೆಪುರಿ ಹಂಚುತ್ತಿದ್ದರು. ಮೈಕ್ರೋಸ್ಕೋಪಿಗೆ ಕುಂಕುಮ, ಸಕ್ಕರೆ ನೋಡುವ ಯಂತ್ರಕ್ಕೆ ವಿಭೂತಿ. ರಕ್ತದ ಟ್ಯೂಬುಗಳನ್ನು ಗರಗರ ತಿರುಗಿಸಿ ಮೇಲಿನ ಹಳದಿ ನೀರನ್ನು, ಅಂದರೆ ಸೀರಮ್ಮನ್ನು, ಬೇರೆ ಮಾಡುವ ಸೆಂಟ್ರಿಫ್ಯೂಜಿಗೆ ಎರಡು ಸುತ್ತು ಸೇವಂತಿಗೆ ಹಾರ. ಅದರ ಮುಚ್ಚಳದ ಮೇಲೆ ನಾನೇ ಅರಿಶಿನದಲ್ಲಿ ಬೊಟ್ಟಿಟ್ಟಿದ್ದೆ.

ನಮ್ಮ ಯಜಮಾನರು ಹಣೆತುಂಬ ವಿಭೂತಿ ಧರಿಸುವ ಹಿರಿಯರು, ದೇವರಂಥ ಮನುಷ್ಯ. ಪೂಜೆಯಾದ ಯಂತ್ರ ಆ ದಿನವೆಲ್ಲ ವಿಶ್ರಾಂತಿಯಲ್ಲಿರಬೇಕು, ಮರುದಿನ ವಿಜಯದಶಮಿಯಂದು ಹಾರ ತೆಗೆದು ಶುರುಮಾಡಬೇಕು ಎಂಬುದು ಅವರ ತಂದೆಯ ಕಾಲದ ಕಟ್ಟಳೆ. "ರಕ್ತ ಬೇಕಾದ್ರೆ ತಕ್ಕೊಳಮ್ಮ, ಮಿಷನ್ ಮಾತ್ರ ಇವತ್ತು ಮುಟ್ಬೇಡ" ಎಂದರು. ನಾನೇನೂ ಎದುರು ಹೇಳಲಿಲ್ಲ. ಹೇಳಿದ್ದರೆ ಅವರು ಕೇಳುತ್ತಿದ್ದರೇನೋ. ತಪ್ಪನ್ನು ಅವರ ಮೇಲೆ ಹಾಕಲಾರೆ. ಪೂಜೆ ಮಾಡಿದ ಯಂತ್ರವನ್ನು ತಿರುಗಿಸಲು ನನಗೇ ಮನಸ್ಸು ಬರಲಿಲ್ಲ. ಅದೂ ಕಾಯಿಲೆಯ ಅಕ್ಕನ ರಕ್ತ ಹಾಕಿ ದೇವರಿಗೆ ಎದುರಾಡುವುದೇ ಅನ್ನಿಸಿತು.

ಪಿಟಿಎಚ್ ಪರೀಕ್ಷೆ ನಮ್ಮಲ್ಲಿ ಆಗುವುದಿಲ್ಲ, ಬೇರೆ ಊರಿನ ದೊಡ್ಡ ಲ್ಯಾಬಿಗೆ ಹೋಗಬೇಕು. ನಿಯಮ ನನಗೆ ಬಾಯಿಪಾಠ: ರಕ್ತ ಹೆಪ್ಪುಗಟ್ಟಿದ ತಕ್ಷಣ ತಿರುಗಿಸು, ಸೀರಮ್ ಬೇರೆ ಮಾಡು, ಐಸಿನಲ್ಲಿಟ್ಟು ಕಳಿಸು. ಅಕ್ಕನ ರಕ್ತವನ್ನು ಕೆಂಪು ಮುಚ್ಚಳದ ಟ್ಯೂಬಿಗೆ ತೆಗೆದೆ. ತಿರುಗಿಸದ ರಕ್ತವನ್ನು ಫ್ರಿಜ್ಜಿನಲ್ಲಿ ಇಡಬಾರದು ಎಂಬ ಇನ್ನೊಂದು ನಿಯಮ ನೆನಪಾಗಿ ಮೇಜಿನ ಮೇಲಿನ ಸ್ಟ್ಯಾಂಡಿನಲ್ಲೇ ನಿಲ್ಲಿಸಿದೆ. ಕಿಟಕಿಯ ಬಿಸಿಲು ಬೀಳುವ ಮೇಜು. ಅಲ್ಲೇ ಇಡೀ ದಿನ ಇತ್ತು, ಇಡೀ ರಾತ್ರಿ ಇತ್ತು. ಮರುದಿನ ಹಾರ ತೆಗೆದು, ತಿರುಗಿಸಿ, ಐಸಿಗೆ ಹಾಕಿ ಕಳಿಸಿದೆ. ಜೊತೆಗೆ ಹೋಗುವ ಫಾರಮ್ಮಿನಲ್ಲಿ 'ರಕ್ತ ತೆಗೆದ ಸಮಯ' ಎಂಬ ಜಾಗವಿರುತ್ತದೆ. ಹಿಂದಿನ ದಿನದ ಸಮಯ ಬರೆದರೆ ಅವರು ತಿರಸ್ಕರಿಸಿ ವಾಪಸ್ ಕಳಿಸುತ್ತಾರೆ, ಅಕ್ಕ ಆ ಕಾಯಿಲೆಯಲ್ಲಿ ಮತ್ತೆ ಬಂದು ಚುಚ್ಚಿಸಿಕೊಳ್ಳಬೇಕು. ಪೆನ್ನು ಒಂದು ಗಳಿಗೆ ನಿಂತಿತು. ಆಮೇಲೆ ವಿಜಯದಶಮಿಯ ತಾರೀಕು, ಬೆಳಿಗ್ಗೆ ಹತ್ತು ಗಂಟೆ ಎಂದು ದುಂಡಗೆ ಬರೆದೆ.

ಕ್ಯಾಲ್ಸಿಯಂ ಎಲ್ಲಿಟ್ಟರೂ ಕದಲುವ ವಸ್ತುವಲ್ಲ. ಅದು ಬಹಳ ಜಾಸ್ತಿ ಬಂತು. ಪಿಟಿಎಚ್ ಇರಬೇಕಾದ ಮಟ್ಟದ ಕೆಳಗಿನ ಗೆರೆಯ ಹತ್ತಿರ, ಕಡಿಮೆ. ಡಾಕ್ಟರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, "ಗ್ರಂಥಿಯದೇನೂ ತಪ್ಪಿಲ್ಲ. ಗ್ರಂಥಿ ಕೆಟ್ಟಿದ್ರೆ ಈ ಹಾರ್ಮೋನ್ ಮೇಲೆ ಹೋಗಿರೋದು" ಎಂದರು. ಕ್ಯಾನ್ಸರ್ ಇರಬಹುದೇ ಎಂದು ಸ್ಕ್ಯಾನ್ ಮಾಡಿಸಿದರು. ಇರಲಿಲ್ಲ. ಆಮೇಲೆ ಅಕ್ಕನ ಕೆಂಪು ತುಟಿ ನೋಡಿ ಕೇಳಿದರು, "ದಿನಕ್ಕೆ ಎಷ್ಟು ಎಲೆ ಹಾಕ್ತೀರಮ್ಮ? ಸುಣ್ಣ ಎಷ್ಟು?"

ಅಕ್ಕ ಹೇಳುವ ಮೊದಲೇ ಭಾವ ಹೇಳಿದರು, "ಹಚ್ಚಿಕೊಡೋನು ನಾನೇ ಸಾರ್."

ಡಾಕ್ಟರು ಕೆಟ್ಟವರಲ್ಲ, ಅವರ ಮುಂದಿದ್ದ ಅಂಕಿಗೆ ತಕ್ಕ ಮಾತನ್ನೇ ಹೇಳಿದರು. ಹಾಗೆ ಅತಿಯಾಗಿ ಸುಣ್ಣ ತಿಂದರೂ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದಂತೆ, ಕಿಡ್ನಿಗೆ ಏಟು ಬೀಳುತ್ತದಂತೆ. ಎಲೆ ಬಿಡಿ, ಒಂದು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿ ಎಂದರು. ಆಸ್ಪತ್ರೆಯಿಂದ ಬಂದವರೇ ಭಾವ ಎಲೆಯಡಿಕೆ ಡಬ್ಬಿಯನ್ನು ಅಟ್ಟಕ್ಕೆ ಹಾಕಿದರು. ಸುಣ್ಣದ ಡಬ್ಬಿಯನ್ನು ಬೀದಿಯ ಚರಂಡಿಗೆ ಎಸೆದರು. ಕೈ ತೊಳೆದುಕೊಂಡರು. ಮತ್ತೆ ತೊಳೆದುಕೊಂಡರು. ಅವತ್ತಿನಿಂದ ಅವರಿಗೊಂದು ಅಭ್ಯಾಸ ಹತ್ತಿತು. ಸುಮ್ಮನೆ ಕೂತಾಗಲೆಲ್ಲ ಹೆಬ್ಬೆರಳಿನಿಂದ ತೋರುಬೆರಳ ತುದಿಯನ್ನು ಉಜ್ಜುತ್ತಿರುವರು.

ಒಂದು ತಿಂಗಳಾಯಿತು. ಪರೀಕ್ಷೆ ಮಾಡಬೇಕಾದವಳು ನಾನೇ. ಅಕ್ಕ "ಬರ್ಲೇನೇ?" ಎಂದು ಫೋನ್ ಮಾಡಿದಳು. "ಮುಂದಿನ ವಾರ ಬಾ ಅಕ್ಕ, ಈ ವಾರ ಬಹಳ ಜನ" ಎಂದೆ. ಮುಂದಿನ ವಾರವೂ ಹಾಗೇ ಅಂದೆ. ಥೂ, ನನ್ನ ಜನ್ಮಕ್ಕಿಷ್ಟು! ಎಲೆ ಬಿಟ್ಟ ಮೇಲೂ ಕ್ಯಾಲ್ಸಿಯಂ ಇಳಿಯದಿದ್ದರೆ ತಪ್ಪು ಸುಣ್ಣದ್ದಲ್ಲ, ಮೇಜಿನ ಮೇಲೆ ಬಿದ್ದಿದ್ದ ಆ ಟ್ಯೂಬಿನದ್ದು ಎಂದು ಗೊತ್ತಾಗಿಬಿಡುತ್ತದೆ ಎಂಬ ಭಯ ಆಗಲೇ ನನ್ನೊಳಗೆ ಬಂದು ಕೂತಿತ್ತು. ಎಲೆ ಬಿಟ್ಟು ಸ್ವಲ್ಪ ಗೆಲುವಾಗಿದ್ದೀನಿ ಎಂದು ಅಕ್ಕನೇ ಅಂದಳು, ಸಮಾಧಾನಕ್ಕೆ. ಅದನ್ನೇ ಹಿಡಿದುಕೊಂಡು ಸುಮ್ಮನಾದೆ. ಒಂದೂವರೆ ವರ್ಷ ಸುಮ್ಮನಿದ್ದೆ.

ಆಮೇಲೆ ಒಂದು ಮಧ್ಯಾಹ್ನ ಅಕ್ಕನಿಗೆ ನಡುಕ ಬಂದು ಜ್ವರ ಏರಿತು. ಆಸ್ಪತ್ರೆಗೆ ಸೇರಿಸಿದೆವು. ದೊಡ್ಡ ಕಲ್ಲೊಂದು ದಾರಿ ಕಟ್ಟಿ, ಎಡಗಡೆಯ ಮೂತ್ರಪಿಂಡದಲ್ಲಿ ಕೀವು ತುಂಬಿತ್ತು. ಉಳಿಸಿಕೊಳ್ಳಲು ಆಗಲಿಲ್ಲ, ತೆಗೆದರು. ಬಲಗಡೆಯದೂ ಅರೆಬರೆ ಕೆಲಸ ಮಾಡುತ್ತಿದೆ ಎಂದರು. ಅಲ್ಲಿಯವರು ಸರಿಯಾಗಿ ಐಸಿನಲ್ಲಿಟ್ಟು ಪಿಟಿಎಚ್ ನೋಡಿದರು. ಮೇಲಿನ ಗೆರೆಯ ಎಷ್ಟೋ ಪಟ್ಟು! ಕುತ್ತಿಗೆಯಲ್ಲಿ ಕಡಲೆಕಾಳಿನಷ್ಟು ಊದಿದ ಗ್ರಂಥಿ ಸಿಕ್ಕಿತು. ಅದನ್ನೂ ತೆಗೆದರು. ಮರುದಿನವೇ ಕ್ಯಾಲ್ಸಿಯಂ ಇಳಿಯಿತು. ವಾರದೊಳಗೆ ಅಕ್ಕನ ಕಣ್ಣಿಗೆ ಜೀವ ಬಂತು. "ಏನೇ ಇದು, ಇಷ್ಟು ಬಡಕಲಾಗಿದ್ದೀಯ?" ಎಂದು ನನ್ನನ್ನು ಕೇಳಿದಾಗ, ಇಷ್ಟು ದಿನ ಎಲ್ಲೋ ಹೋಗಿದ್ದ ನನ್ನ ಅಕ್ಕ ಮನೆಗೆ ಬಂದಳು ಎಂದು ನಾನು ಅತ್ತುಬಿಟ್ಟೆ.

ಅಲ್ಲಿಗೆ ನಿಜ ಹೊರಬರಬೇಕಿತ್ತು. ಬರಲಿಲ್ಲ. ಅಲ್ಲಿನ ಡಾಕ್ಟರು ಹಳೆಯ ಫೈಲು ತಿರುವುತ್ತಾ ನಾನು ಕಳಿಸಿದ್ದ ರಕ್ತದ ರಿಪೋರ್ಟಿನ ಹತ್ತಿರ ನಿಂತರು. "ಅವತ್ತು ಗ್ರಂಥಿ ಸರಿಯಾಗೇ ಇತ್ತಲ್ಲ. ಹಂಗಾದ್ರೆ ಮೊದಲು ಕಿಡ್ನಿ ಕೆಟ್ಟು, ಆಮೇಲೆ ಗ್ರಂಥಿ ಕೆಟ್ಟಿರ್ಬೇಕು. ಕಿಡ್ನಿ ಸೋತ್ರೆ ಗ್ರಂಥಿ ದುಡಿದು ದುಡಿದು ಊದಿಕೊಳ್ಳುತ್ತೆ" ಎಂದರು. ಭಾವ ತೋರುಬೆರಳು ಉಜ್ಜುತ್ತಾ ಕೇಳಿದರು, "ಅಂದ್ರೆ ಶುರುವಾಗಿದ್ದು ಸುಣ್ಣದಿಂದ್ಲೇ ಅಲ್ವಾ ಸಾರ್?" ಡಾಕ್ಟರು "ಇರಬಹುದು" ಎಂದರು. ನಾನು ಭಾವನ ಪಕ್ಕದಲ್ಲೇ ನಿಂತಿದ್ದೆ. ಬಾಯಿ ಜೋರಿನವಳು ನಾನು. ಡಾಕ್ಟರು ಕೊಟ್ಟ ಫೈಲನ್ನು ಇಸಿದುಕೊಂಡು ಚೀಲಕ್ಕೆ ಹಾಕಿಕೊಂಡೆ.

ನಮ್ಮ ಲ್ಯಾಬಿಗೆ ವಾರಕ್ಕೆರಡು ದಿನ ಬಂದು ಸ್ಲೈಡು ನೋಡುವ ಒಬ್ಬರು ಡಾಕ್ಟರಮ್ಮ ಇದ್ದಾರೆ. ಯಾರದೋ ವಿಷಯ ಅನ್ನುವ ಹಾಗೆ ಅವರನ್ನು ಕೇಳಿದೆ. ಪಾಪ, ಖುಷಿಯಿಂದ ಖಾಲಿ ಫಾರಮ್ಮಿನ ಬೆನ್ನಿಗೆ ಚಿತ್ರ ಬರೆದು ಹೇಳಿಕೊಟ್ಟರು. ಥೈರಾಯ್ಡಿನ ಹಿಂಭಾಗದಲ್ಲಿ ಬೇಳೆಕಾಳಿನಂಥ ನಾಲ್ಕು ಗ್ರಂಥಿ. ಅಲ್ಲಿಂದ ಹೊರಟ ಹಾರ್ಮೋನು ಮೂತ್ರಪಿಂಡದ ಸೋಸುವ ಕೊಳವೆಗಳಿಗೆ ಬರುತ್ತದೆ. ಅಲ್ಲಿನ ಜೀವಕೋಶಗಳ ಮೈಮೇಲೆ ಅದು ಕೂರುವುದಕ್ಕೆಂದೇ ಜಾಗಗಳಿವೆ. ಕೂತು ಹೇಳುತ್ತದೆ: ಕ್ಯಾಲ್ಸಿಯಂ ಹೊರಗೆ ಬಿಡಬೇಡ, ಫಾಸ್ಫೇಟ್ ಬಿಟ್ಟುಬಿಡು, ವಿಟಮಿನ್ ಡಿಯನ್ನು ಕೆಲಸಕ್ಕೆ ಹಚ್ಚು. ಜೀವಕೋಶಗಳು ಹೇಳಿದ ಹಾಗೆ ಕೇಳುತ್ತವೆ. ಗ್ರಂಥಿ ಕೆಟ್ಟಾಗ ಹಾರ್ಮೋನು ಮೂಳೆಯನ್ನೂ ಕರಗಿಸಿ ತರುತ್ತದೆ. ಮೂತ್ರಪಿಂಡ ಎಷ್ಟು ಹಿಡಿದಿಟ್ಟರೂ ಮಿಕ್ಕಿದ ಕ್ಯಾಲ್ಸಿಯಂ ಮೂತ್ರಕ್ಕೆ ಇಳಿದು ಕಲ್ಲಾಗುತ್ತದೆ.

"ಇನ್ನೂ ಒಂದು ಸ್ವಾರಸ್ಯ ಇದೆ ನೋಡಿ," ಎಂದರು ಡಾಕ್ಟರಮ್ಮ. "ಈ ಹಾರ್ಮೋನ್ ರಕ್ತದಲ್ಲಿ ಬದುಕೋದೇ ಕೆಲವು ನಿಮಿಷ. ಲಿವರ್ ಒಂದಷ್ಟು ಒಡೆದುಹಾಕುತ್ತೆ. ಉಳಿದದ್ದನ್ನ, ಅದರ ಚೂರುಗಳನ್ನ, ಕಿಡ್ನಿ ಜೀವಕೋಶಗಳೇ ಒಳಗೆಳೆದುಕೊಂಡು ಪುಡಿ ಮಾಡಿಬಿಡ್ತವೆ. ಯಾರ ಮಾತು ಕೇಳ್ತವೋ ಅವರನ್ನೇ ನುಂಗ್ತವೆ. ಕಿಡ್ನಿ ಸೋತ್ರೆ ಆ ಚೂರುಗಳು ಹೋಗೋಕೆ ಜಾಗ ಇಲ್ದೆ ರಕ್ತದಲ್ಲಿ ಸುತ್ತುತ್ತಾ ಇರ್ತವೆ."

"ಟ್ಯೂಬಲ್ಲಿ ಹಾಗೇ ಬಿಟ್ರೆ, ಮೇಡಂ?"

"ಅಲ್ಲೂ ತಾನಾಗೇ ಒಡೀತಾ ಹೋಗುತ್ತೆ. ಅದಕ್ಕೇ ಅಲ್ವಾ ನಿಮಗೆ ಐಸು ಐಸು ಅಂತ ಬಡ್ಕೊಳ್ಳೋದು? ಬಿಸಿಲಲ್ಲಿ ಒಂದು ದಿನ ಬಿಟ್ರೆ ಜಾಸ್ತಿ ಇರೋದೂ ಕಮ್ಮಿ ಅಂತ ಬರಬಹುದು."

ಇಷ್ಟು ವರ್ಷ ನನಗೆ ನಿಯಮ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ. ಕಾರಣ ಗೊತ್ತಿಲ್ಲದ ನಿಯಮವನ್ನು ಒಂದು ದಿನದ ಮಟ್ಟಿಗೆ ಮೀರಿದರೆ ಏನು ಮಹಾ ಅನ್ನಿಸುತ್ತದೆ. ಅವತ್ತಿನಿಂದ ಆ ಟ್ಯೂಬು ನನ್ನ ಬೆನ್ನು ಬಿಡಲಿಲ್ಲ. ಲ್ಯಾಬಿನ ಬೀಗ ಹಾಕಿ ಬಸ್ ಸ್ಟಾಪಿಗೆ ಬಂದವಳು ಮೇಜಿನ ಮೇಲೆ ಏನೋ ಬಿಟ್ಟಿದ್ದೇನೆ ಎಂದು ವಾಪಸ್ ಹೋಗಿ ಬಾಗಿಲು ತೆಗೆದು ನೋಡುತ್ತೇನೆ. ಮೇಜು ಖಾಲಿ ಇರುತ್ತದೆ. ಖಾಲಿ ಇದ್ದರೂ ಆ ಜಾಗದಲ್ಲಿ ಅಕ್ಕನ ರಕ್ತ ನಿಂತೇ ಇದೆ, ಒಳಗೊಳಗೇ ಒಡೆಯುತ್ತಿದೆ ಅನ್ನಿಸುತ್ತದೆ. ಹೀಗೆ ಎಷ್ಟು ಬಸ್ಸು ತಪ್ಪಿಸಿಕೊಂಡಿದ್ದೇನೋ.

ಒಂಟಿಕೊಪ್ಪಲಿಗೆ ಹೋದರೆ ಅದಕ್ಕಿಂತ ಕಷ್ಟ. ಅಕ್ಕ ಸುಧಾರಿಸಿಕೊಂಡಳು, ಭಾವ ಸುಧಾರಿಸಿಕೊಳ್ಳಲಿಲ್ಲ. ಚಿತ್ರ ಬರೆಯುವುದನ್ನು ನಿಲ್ಲಿಸಿದರು. ಮನೆಯ ಗೋಡೆಗೆ ಸುಣ್ಣ ಬಳಿಯಲು ಬಂದವರನ್ನು ವಾಪಸ್ ಕಳಿಸಿದರು. ನಂಟರು ಬಂದರೆ ತಾವಾಗಿಯೇ ಹೇಳುವರು, "ನಾನೇ ಕಣಪ್ಪಾ ಕೈಯಾರೆ ತಿನ್ಸಿ ಇವಳ ಕಿಡ್ನಿ ಕಳೆದೆ." ಅಕ್ಕ "ಬುಡ್ರೀ ಅತ್ಲಾಗೆ, ಕೇಳಿ ಹಾಕಿಸ್ಕೊಂಡೋಳು ನಾನು" ಎಂದು ಗದರುವಳು. ಇಬ್ಬರೂ ಜಗಳ ಆಡುತ್ತಿದ್ದುದು ತಪ್ಪು ತನ್ನದು ತನ್ನದು ಎಂದು ಹಂಚಿಕೊಳ್ಳುವುದಕ್ಕೆ. ತಪ್ಪು ಮಾಡಿದವಳು ಅಲ್ಲೇ ಕೂತು ಕಾಫಿ ಕುಡಿಯುತ್ತಿದ್ದೆ. ಇವತ್ತು ಹೇಳಿಬಿಡಬೇಕು ಎಂದುಕೊಂಡೇ ಪ್ರತಿ ಸಲ ಹೋಗುವುದು. ಲೋಟ ತೊಳೆದಿಟ್ಟು ಬರುವುದು. ಹೇಳಿದರೆ ಅಕ್ಕ ನನ್ನ ಮುಖ ನೋಡುತ್ತಾಳೆಯೇ? ಈ ಮನೆ ಬಿಟ್ಟರೆ ನನಗೆ ಇನ್ನೊಂದು ತವರಿಲ್ಲ.

ಒಂದೇ ಒಂದು ಸಲ ಬಾಯಿ ಬಿಟ್ಟೆ. ಭಾವನ ಕೊನೆಯ ವರ್ಷ ಅದು. ಅಷ್ಟರಲ್ಲಿ ಅವರ ಕಿವಿ ಮಂದವಾಗಿತ್ತು. ಅಕ್ಕ ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದಳು, ಭಾವ ಜಗಲಿಯಲ್ಲಿ ಒಬ್ಬರೇ ಬೆರಳು ಉಜ್ಜುತ್ತಾ ಕೂತಿದ್ದರು. ಹತ್ತಿರ ಕೂತು, "ಭಾವ, ಅದು ಸುಣ್ಣದಿಂದ ಆಗಿದ್ದಲ್ಲ, ನನ್ನಿಂದ ಆಗಿದ್ದು" ಎಂದೆ.

"ಏನು? ಏನಂದೆ?" ಎಂದು ಕಿವಿ ಹತ್ತಿರ ತಂದರು.

ಇನ್ನೊಂದು ಸಲ, ಸ್ವಲ್ಪ ಗಟ್ಟಿಯಾಗಿ ಹೇಳಿದ್ದರೆ ಆಗಿತ್ತು. ಗಟ್ಟಿಯಾಗಿ ಹೇಳಿದರೆ ಹಿತ್ತಲಿಗೆ ಕೇಳಿಸುತ್ತಿತ್ತು. "ಊಟ ಆಯ್ತಾ ಅಂದೆ ಭಾವ" ಎಂದು ಕೂಗಿದೆ. ಅವರು ನಕ್ಕರು. "ಆಯ್ತಮ್ಮ, ನಿಂದಾಯ್ತಾ?" ಎಂದರು. ಅದಾದ ಮೂರು ತಿಂಗಳಿಗೆ, ಒಂದು ಬೆಳಿಗ್ಗೆ ಪೇಪರ್ ಓದುತ್ತಾ ಕೂತಲ್ಲೇ ಎದೆಬಡಿತ ನಿಂತು ಹೋಗಿಬಿಟ್ಟರು. ಮುಖದಲ್ಲಿ ನೋವಿನ ಗುರುತಿರಲಿಲ್ಲ. ಬಲಗೈಯ ಎರಡು ಬೆರಳು ಒಂದಕ್ಕೊಂದು ಒತ್ತಿಕೊಂಡೇ ಇದ್ದವು, ಸ್ನಾನ ಮಾಡಿಸುವಾಗ ಬಿಡಿಸಿದರು.

ಅವರು ಹೋದ ಮೇಲೆ ನನಗೆ ಲ್ಯಾಬಿನಲ್ಲಿ ಅವರ ದನಿ ಕೇಳಿಸತೊಡಗಿತು. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಸೆಂಟ್ರಿಫ್ಯೂಜು ತಿರುಗಿ ತಿರುಗಿ ನಿಧಾನವಾಗಿ, ಗುಂಯ್ ಎನ್ನುವುದು ಅಡಗುವ ಹೊತ್ತಿಗೆ, ಬೆನ್ನ ಹಿಂದಿನಿಂದ "ಏನು? ಏನಂದೆ?" ತಿರುಗಿ ನೋಡಿದರೆ ಬೆಂಚಿನ ಮೇಲೆ ಚೀಟಿ ಹಿಡಿದ ಜನ. ಎಷ್ಟೋ ಸಲ ಕೈಯಲ್ಲಿದ್ದ ಟ್ಯೂಬು ಹಿಡಿದುಕೊಂಡೇ "ಏನಿಲ್ಲ ಭಾವ" ಅಂದುಬಿಟ್ಟಿದ್ದೇನೆ.

ಈ ವರ್ಷ ಅವರ ಎರಡನೆಯ ತಿಥಿ. ನಂಟರೆಲ್ಲ ಉಂಡು ಹೊರಟ ಮೇಲೆ ಅಕ್ಕ, ನಾನು ಇಬ್ಬರೇ ಉಳಿದೆವು. ನಡುಮನೆಯಲ್ಲಿ ಭಾವನ ಫೋಟೋ ಮುಂದೆ ಎಡೆ ಇಟ್ಟಿತ್ತು. ಒಬ್ಬಟ್ಟು, ಕೋಸಂಬರಿ, ಪಾಯಸ. ಪಕ್ಕದಲ್ಲಿ ಎರಡು ಚಿಗುರೆಲೆ, ಎರಡು ಅಡಿಕೆ. ಎಲೆಯ ಜೊತೆ ಸುಣ್ಣ ಇರಲಿಲ್ಲ. ಅಕ್ಕ ಮರೆತಿರಬೇಕೆಂದು ಕೇಳಿದೆ.

"ಮರೆತಿಲ್ಲ ಕಣೇ," ಎಂದಳು ಅಕ್ಕ, ಪಾತ್ರೆ ಎತ್ತಿಡುತ್ತಾ. "ಸುಣ್ಣ ಕಂಡ್ರೆ ಆ ಜೀವ ಎಂಗೆ ಒದ್ದಾಡೋದು, ನೀನೇ ನೋಡಿಲ್ವಾ? ಸತ್ತ ಮೇಲಾದ್ರೂ ನೆಮ್ಮದಿಯಾಗಿ ಉಣ್ಲಿ ಬುಡು."

ನನಗೆ ತಡೆಯಲಾಗಲಿಲ್ಲ. ಅಡುಗೆಮನೆಯ ಬಾಗಿಲಿಗೆ ಒರಗಿಕೊಂಡು ಎಲ್ಲವನ್ನೂ ಹೇಳಿದೆ. ಹಾರ ಹಾಕಿದ ಯಂತ್ರ, ಬಿಸಿಲಿನ ಮೇಜು, ಸುಳ್ಳು ತಾರೀಕು, ಮುಂದಿನ ವಾರ ಬಾ ಎಂದು ತಳ್ಳಿದ್ದು. ಮೊದಲೇ ಗ್ರಂಥಿ ಕೆಟ್ಟಿತ್ತು, ಅದು ಅವತ್ತೇ ಗೊತ್ತಾಗಿದ್ದರೆ ಎರಡು ಕಿಡ್ನಿಯೂ ಉಳಿಯುತ್ತಿದ್ದವು ಎಂದೆ. ಅಕ್ಕ ಪಾತ್ರೆ ಕೆಳಗಿಟ್ಟಳು. ಬೈಯಲಿ, ಕೆನ್ನೆಗೆ ಹೊಡೆಯಲಿ ಎಂದು ಕಾದೆ.

"ಹಂಗಾದ್ರೆ ಸುಣ್ಣದಿಂದ ಅಲ್ವಾ?" ಎಂದಳು.

"ಅಲ್ಲ ಅಕ್ಕ. ಸುಣ್ಣದಿಂದ ಅಲ್ಲವೇ ಅಲ್ಲ."

"ನನ್ ಕಿಡ್ನಿ ಹೋದ್ರೆ ಹೋಗ್ಲಿ ಕಣೇ," ಎಂದಳು. "ಆ ಮನುಷ್ಯ ಬದುಕಿರೋವಾಗ ಒಂದ್ ಮಾತು ಹೇಳಕ್ಕೆ ನಿಂಗೆ ಬಾಯಿರ್ಲಿಲ್ವಾ? ನಂಗ್ಯಾಕೆ ಹೇಳ್ತೀಯ ಈಗ? ನಡಿ. ಅವ್ರಿಗೆ ಹೇಳು."

ನನ್ನ ರಟ್ಟೆ ಹಿಡಿದು ನಡುಮನೆಗೆ ಎಳೆದುಕೊಂಡು ಬಂದಳು. ಫೋಟೋ ಮುಂದೆ ನಿಲ್ಲಿಸಿದಳು. ನಾನು ಕೈಮುಗಿದು, "ಭಾವ, ಸುಣ್ಣದಿಂದ ಅಲ್ಲ" ಎಂದೆ. ನನಗೊಬ್ಬಳಿಗೇ ಕೇಳಿಸುವಷ್ಟು ಮೆಲ್ಲಗೆ.

"ಅಂಗೆ ಗೊಣಗಿದ್ರೆ ಅವ್ರಿಗೆಲ್ಲಿ ಕೇಳ್ತದೆ?" ಎಂದಳು ಅಕ್ಕ. "ಜೋರಾಗಿ ಹೇಳು."

"ಸುಣ್ಣದಿಂದ ಅಲ್ಲ ಭಾವ! ನಿಮ್ಮ ಕೈಯಿಂದ ಆಗಿದ್ದಲ್ಲ! ನಾನು ಮಾಡಿದ್ದು!" ಎಂದು ಕಿರುಚಿದೆ. ಪಕ್ಕದ ಮನೆಯ ಬಾಗಿಲು ತೆರೆದ ಸದ್ದಾಯಿತು. ಯಾರೋ ಗೇಟಿನ ಹತ್ತಿರ ಬಂದು ನಿಂತರು.

ಅಕ್ಕ ಆ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ರಟ್ಟೆ ಬಿಡಲಿಲ್ಲ. ಫೋಟೋವನ್ನೇ ನೋಡುತ್ತಾ, "ಇನ್ನೊಂದ್ ಸಲ ಹೇಳು" ಎಂದಳು.